ಹೊರಸುತ್ತಿನಲ್ಲಿ ಜಾಗವಿದೆ

ಬರೋಡಾದಲ್ಲಿ, ಅಂದರೆ ಈಗಿನ ವಡೋದರದಲ್ಲಿ, 23 ವರ್ಷ ಸಂಸಾರ ಮಾಡಿದವಳು ಎಂದು ಹೋದ ಸಂಚಿಕೆಯಲ್ಲಿ ಮಾತಿನ ಮಧ್ಯೆ ಬಾಯಿಬಿಟ್ಟೆ. ಅದರ ಫಲ, ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಗರ್ಬಾದ್ದೇ, ಗುಜರಾತಿಗಳು ನವರಾತ್ರಿಯಲ್ಲಿ ಸುತ್ತು ಕಟ್ಟಿ ಆಡುವ ಕುಣಿತದ್ದೇ. ಮಕ್ಕಳು ಕೆಲಸಕ್ಕೆಂದು ಗುಜರಾತಿಗೆ ಹೋಗಿದ್ದಾರೆ, ಅಪ್ಪ ಅಮ್ಮ ನವರಾತ್ರಿಗೆ ಹೊರಟಿದ್ದಾರೆ, ಎಲ್ಲರಿಗೂ ಒಂದೇ ದಿಗಿಲು. ಮನೆಯ ಗಿಡ, ಸೊಸೆಯ ಮುನಿಸು, ಉಪ್ಪಿನಕಾಯಿಯ ಬೂಷ್ಟು ಇವೆಲ್ಲ ಮುಂದಿನ ತಿಂಗಳಿಗೆ ಇರಲಿ.

ಪ್ರಶ್ನೆ: ಮಗ ವಡೋದರದಲ್ಲಿದ್ದಾನೆ. ನವರಾತ್ರಿಗೆ ಬನ್ನಿ ಎಂದು ಟಿಕೆಟ್ ಮಾಡಿಸಿದ್ದಾನೆ. ಸೊಸೆ ನನ್ನನ್ನೂ ಸೇರಿಸಿ ಗರ್ಬಾ ಪಾಸು ತೆಗೆದಿಟ್ಟಿದ್ದಾಳಂತೆ. ನನಗೆ 57 ವರ್ಷ, ಮಂಡಿನೋವು ಬೇರೆ. ಹುಟ್ಟಿದಾಗಿನಿಂದ ಒಂದು ಹೆಜ್ಜೆ ಕುಣಿದವಳಲ್ಲ. ಕುರ್ಚಿ ಹಾಕಿಕೊಂಡು ಕೂತು ನೋಡಿದರೆ ಆಗದೇ?
– ಓದುಗರೊಬ್ಬರು, ಹಾಸನ

ಉತ್ತರ: ಧಾರಾಳವಾಗಿ ಕೂತು ನೋಡಿ, ಯಾರೂ ಕೈಹಿಡಿದು ಎಳೆಯುವುದಿಲ್ಲ ಎಂದು ಬರೆಯಲು ಹೊರಟಿದ್ದೆ. ಅದು ಸುಳ್ಳಾಗುತ್ತದೆ. ಎಳೆಯುತ್ತಾರೆ.

ನಾನು ಮದುವೆಯಾಗಿ ಅಲ್ಲಿಗೆ ಹೋದದ್ದು 1994ರಲ್ಲಿ. ನಮ್ಮದು ನಲವತ್ತೆಂಟು ಮನೆಗಳ ಸೊಸೈಟಿ. ಅಲ್ಲಿ ಬಡಾವಣೆಗೆ, ವಠಾರಕ್ಕೆ ಎಲ್ಲಕ್ಕೂ ಸೊಸೈಟಿ ಅಂತಲೇ ಹೆಸರು. ಮೊದಲ ನವರಾತ್ರಿಯ ಮೊದಲ ರಾತ್ರಿ ನಾನು ಮದುವೆಯ ರೇಷ್ಮೆ ಸೀರೆ ಉಟ್ಟು, ಹಿಮ್ಮಡಿ ಎತ್ತರದ ಚಪ್ಪಲಿ ಹಾಕಿ, ಮದುವೆಮನೆಗೆ ಹೋದವಳ ಹಾಗೆ ಕುರ್ಚಿಯ ಮೇಲೆ ಕೂತಿದ್ದೆ. ಅಂಗಳದ ನಡುವೆ ಒಂದು ಮಣೆ. ಅದರ ಮೇಲೆ ಅಂಬಾಮಾತೆಯ ಪಟ, ಪಕ್ಕದಲ್ಲಿ ಮೈತುಂಬ ತೂತಿರುವ ಪುಟ್ಟ ಮಣ್ಣಿನ ಗಡಿಗೆ. ಗಡಿಗೆಯೊಳಗೆ ದೀಪ. ಅದರ ಹೆಸರು ಗರ್ಬೋ. ಗರ್ಭದೀಪ ಎಂಬ ಮಾತು ಸವೆದು ಗರ್ಬೋ ಆಯಿತು, ಅದರ ಸುತ್ತ ಸುತ್ತುವುದು ಗರ್ಬಾ ಆಯಿತು ಎನ್ನುತ್ತಾರೆ. ನಮ್ಮ ಪಕ್ಕದ ಮನೆಯವರು ಮನೆಯೊಳಗೂ ಒಂದನ್ನು ಇಡುತ್ತಿದ್ದರು. ಒಂಬತ್ತು ದಿನವೂ ಆ ಕೋಣೆಗೆ ಫ್ಯಾನು ಹಾಕುವ ಹಾಗಿಲ್ಲ. ಸೆಕೆಯಲ್ಲಿ ಬೆವರುತ್ತಾ ಕೂತರೆ ಎದುರಿನ ಗೋಡೆಯ ಮೇಲೆ, ಕ್ಯಾಲೆಂಡರಿನ ಮೇಲೆ, ಎದುರು ಕೂತವರ ಹಣೆಯ ಮೇಲೆ ಬೆಳಕಿನ ಚುಕ್ಕಿಗಳು. ಯಾರಾದರೂ ಬಾಗಿಲು ತೆರೆದರೆ ಅಷ್ಟೂ ಚುಕ್ಕಿ ಒಟ್ಟಿಗೆ ಅಲುಗುತ್ತಿದ್ದವು.

ಅವತ್ತು ನನ್ನನ್ನು ಎಬ್ಬಿಸಿದವರು ಆ ಮನೆಯ ಅಜ್ಜಿ. ಗುಜರಾತಿಯಲ್ಲಿ ಅಮ್ಮನಿಗೂ ಅಜ್ಜಿಗೂ ‘ಬಾ’ ಅನ್ನುತ್ತಾರೆ. ಅವರ ಮೊಮ್ಮಕ್ಕಳು ಹಿತ್ತಲಿನಿಂದ ‘ಬಾ, ಬಾ’ ಎಂದು ಕೂಗಿದಾಗಲೆಲ್ಲ ನನ್ನನ್ನೇ ಕರೆದರೇನೋ ಎಂದು ಹೊಸದರಲ್ಲಿ ಎದ್ದು ಹೋಗುತ್ತಿದ್ದೆ. ಎಪ್ಪತ್ತು ದಾಟಿದ, ಬಿಳಿ ಸೀರೆಯ ಆ ಬಾ ಏನೂ ಹೇಳಲಿಲ್ಲ. ನನ್ನ ಚಪ್ಪಲಿಯನ್ನು ಬೆರಳಿಂದ ತೋರಿಸಿದರು, ಬಿಟ್ಟೆ. ಮೊಣಕೈ ಹಿಡಿದುಕೊಂಡರು, ಎದ್ದೆ. ಒಂದು ಸುತ್ತು ಹೇಗೋ ಆಯಿತು. ಎರಡನೆಯ ಸುತ್ತಿನಲ್ಲಿ ಚಪ್ಪಾಳೆ ಒಂದು ಕಡೆ, ಕಾಲು ಒಂದು ಕಡೆ ಆಗಿ, ಸರಿಮಾಡಿಕೊಳ್ಳೋಣ ಎಂದು ನಿಂತು ನನ್ನ ಪಾದ ನೋಡಿಕೊಂಡೆ. ಅಷ್ಟೇ. ಹಿಂದಿನ ಹುಡುಗಿ ನನ್ನ ಬೆನ್ನಿಗೆ, ಅವಳ ಬೆನ್ನಿಗೆ ಅವಳಮ್ಮ, ಅವರ ಬೆನ್ನಿಗೆ ಇನ್ನಿಬ್ಬರು, ಶಂಟಿಂಗ್ ಮಾಡುವಾಗಿನ ರೈಲು ಡಬ್ಬಿಗಳ ಹಾಗೆ. ಬಾ ನನ್ನ ಕಿವಿಯ ಹತ್ತಿರ ಬಗ್ಗಿ, ‘ಊಭೀ ನಾ ರಹೇ, ಬೇಟಾ. ಚಾಲ್ಯಾ ಕರ್’ ಎಂದರು. ನಿಲ್ಲಬೇಡ ಮಗಳೇ, ನಡೀತಾ ಇರು. ನನಗೆ ಬಂದ ಮೊದಲ ಗುಜರಾತಿ ವಾಕ್ಯ ಅದೇ.

ಆಮೇಲೆ ನನ್ನನ್ನು ತೀರಾ ಹೊರಗಿನ ಸುತ್ತಿಗೆ ತಂದು ಬಿಟ್ಟರು. ಅದನ್ನೇ ನಿಮಗೂ ಹೇಳುತ್ತೇನೆ. ಗರ್ಬಾದಲ್ಲಿ ಒಂದೇ ಸುತ್ತಲ್ಲ, ಈರುಳ್ಳಿಯ ಪದರದ ಹಾಗೆ ಒಂದರ ಹೊರಗೆ ಒಂದು ಇರುತ್ತವೆ. ನಮ್ಮ ಸೊಸೈಟಿಯಲ್ಲಿ ಒಳಗಿನ ಸುತ್ತುಗಳಲ್ಲಿ ಪಳಗಿದವರ ಗಿರಗಿರ. ಹೊರಗಿನದರಲ್ಲಿ ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡವರು, ಶಾಲೆಯ ಪುಟಾಣಿಗಳು, ನಿಮ್ಮ ನನ್ನಂಥವರು. ಅಲ್ಲಿ ಚಪ್ಪಾಳೆ ತಪ್ಪಿದರೆ ಯಾರೂ ತಿರುಗಿ ನೋಡುವುದಿಲ್ಲ. ಜಿಗಿಯಬೇಡಿ, ಗಿರಕಿ ಹೊಡೆಯಬೇಡಿ, ಬರೀ ನಡೆಯುತ್ತಾ ಚಪ್ಪಾಳೆ ತಟ್ಟಿ. ಮಂಡಿಗೆ ದೇವಸ್ಥಾನದ ಪ್ರದಕ್ಷಿಣೆಗಿಂತ ಹೆಚ್ಚು ಭಾರ ಬೀಳುವುದಿಲ್ಲ. ಸಾಕೆನಿಸಿದಾಗ ನಿಂತುಬಿಡುವ ಬದಲು ನಡೆಯುತ್ತಲೇ ಹೊರಕ್ಕೆ ಸರಿದು ಆಚೆ ಬನ್ನಿ.

ಪ್ರದಕ್ಷಿಣೆ ಎಂದಾಗ ನೆನಪಾಯಿತು. ಗುಡಿಯಲ್ಲಿ ನಾವು ದೇವರನ್ನು ಬಲಕ್ಕೆ ಇಟ್ಟುಕೊಂಡು ಸುತ್ತುತ್ತೇವೆ. ಗರ್ಬಾದಲ್ಲಿ ಸುತ್ತುವುದು ಗಡಿಯಾರದ ಮುಳ್ಳಿಗೆ ಎದುರಾಗಿ, ತಾಯಿ ನಿಮ್ಮ ಎಡಕ್ಕೆ. ಮೊದಲ ದಿನ ನನ್ನ ಕಾಲು ಅಭ್ಯಾಸಬಲದಿಂದ ಉಲ್ಟಾ ಹೊರಟಿತ್ತು.

ಪ್ರಶ್ನೆ: ಹೆಜ್ಜೆ ಕಲಿಯಲು ಎಷ್ಟು ದಿನ ಬೇಕು? ಯಾವ ಯಾವ ಹೆಜ್ಜೆ ಬಂದರೆ ಅವಮಾನವಾಗದೆ ಪಾರಾಗಬಹುದು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಎರಡು ತಾಳಿ ಬಂದರೆ ಸಾಕು. ಗುಜರಾತಿಯಲ್ಲಿ ತಾಳಿ ಎಂದರೆ ಚಪ್ಪಾಳೆ. ನಮ್ಮ ತಾಳಿ ಕಟ್ಟಿಸಿಕೊಂಡು ಹೋದ ನನಗೆ ಇದು ತಮಾಷೆಯಾಗಿತ್ತು. ‘ಬೇ ತಾಳಿ’ ಎರಡು ಚಪ್ಪಾಳೆಯದ್ದು, ‘ತ್ರಣ್ ತಾಳಿ’ ಮೂರರದ್ದು. ನಾನು ಕಲಿತ ಬೇ ತಾಳಿ ಹೀಗೆ: ನಡೆಯುತ್ತಾ ವೃತ್ತದ ಒಳಕ್ಕೆ ಬಾಗಿ ಒಂದು ಚಪ್ಪಾಳೆ, ಮೇಲೆದ್ದು ಹಿಂದಕ್ಕೆ ವಾಲುತ್ತಾ ಒಂದು. ಬಾಗುವುದು ತಾಯಿಗೆ, ಏಳುವುದು ನಮಗೆ ಅಂತ ಬಾ ಹೇಳಿಕೊಟ್ಟಿದ್ದರು. ಊರಿಂದೂರಿಗೆ, ಕೇರಿಯಿಂದ ಕೇರಿಗೆ ಇದರಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಇರುತ್ತದೆ. ನಿಮ್ಮ ಮುಂದಿರುವವರ ಭುಜ ನೋಡಿ, ಪಾದ ನೋಡಬೇಡಿ. ಪಾದ ನೋಡಿದರೆ ಏನಾಗುತ್ತದೆಂದು ಮೇಲೆಯೇ ಬರೆದಿದ್ದೇನೆ.

‘ದೋಢಿಯೂ’, ‘ಪೋಪಟಿಯೂ’ ಮುಂತಾದವು ಮುಂದಿನ ತರಗತಿಯ ಪಾಠ. ಅಹಮದಾಬಾದಿನ ಹುಡುಗ ಹುಡುಗಿಯರು ಅವಕ್ಕಾಗಿ ಒಂದು ತಿಂಗಳು ಮೊದಲೇ ದುಡ್ಡು ಕೊಟ್ಟು ಕ್ಲಾಸಿಗೆ ಸೇರುತ್ತಾರೆ. ಹತ್ತು ಜನ ಗೆಳೆಯರು ತಮ್ಮದೇ ಚಿಕ್ಕ ವೃತ್ತ ಮಾಡಿಕೊಂಡು, ಒಂದೇ ಸಲಕ್ಕೆ ಹಿಂದಕ್ಕೆ ತಿರುಗಿ, ಕೂತು, ಎದ್ದು ಮಾಡುವುದು ನೋಡಲು ಚೆಂದ. ಅಂಥ ಗುಂಪಿನೊಳಗೆ ಮಾತ್ರ ಹೋಗಿ ಸಿಕ್ಕಿಕೊಳ್ಳಬೇಡಿ. ಬರೋಡಾದವರಿಗೆ ಇದರ ಬಗ್ಗೆ ಒಂದು ಬಿಗುಮಾನವಿದೆ. ನಮ್ಮದೇ ನಿಜವಾದ ಗರ್ಬಾ, ಮಣ್ಣಿನ ಮೈದಾನ, ಬರಿಗಾಲು, ದೊಡ್ಡ ಸುತ್ತು, ಸಿನಿಮಾ ಹಾಡು ಇಲ್ಲ ಎನ್ನುತ್ತಾರೆ. ಅಲ್ಲಿನ ನೀರು ಕುಡಿದವಳಾದ್ದರಿಂದ ನನ್ನದೂ ಅದೇ ಪಕ್ಷ.

ಲಯದ ವಿಷಯ ಒಂದು ತಿಳಿದಿರಲಿ. ರಾತ್ರಿಯ ಮೊದಲಿಗೆ ಹಾಡು ನಿಧಾನ. ಆರು ಮಾತ್ರೆಯ ಹೀಂಚ್ ತಾಳ, ತೊಟ್ಟಿಲು ತೂಗುವ ನಡೆ. ಹೊಸಬರು ಹೊಕ್ಕರೆ ಆಗಲೇ ಹೋಗಬೇಕು. ಹೊತ್ತೇರಿದಂತೆ ಡೋಲಿನವನು ಲಯ ಏರಿಸುತ್ತಾ ಹೋಗುತ್ತಾನೆ. ಕೊನೆಯ ಹತ್ತು ನಿಮಿಷ ಹಾರಾಟವೇ. ಓಡುತ್ತಿರುವ ಬಸ್ಸು ಹತ್ತಿದ ಹಾಗೆ ನಡುವೆ ನುಗ್ಗಲು ಹೋಗಬೇಡಿ.

ಎಷ್ಟು ದಿನ ಎಂದು ಕೇಳಿದ್ದೀರಿ. ನನಗೆ ಮೂರು ಮಧ್ಯಾಹ್ನ ಹಿಡಿಯಿತು. ಗಂಡ ಕೆಲಸಕ್ಕೆ ಹೋದ ಮೇಲೆ ಅಡುಗೆಮನೆಯ ನಡುವೆ ಹಿಟ್ಟಿನ ಡಬ್ಬ ಇಟ್ಟುಕೊಂಡು ಅದರ ಸುತ್ತ ಸುತ್ತುತ್ತಿದ್ದೆ. ಮೂರನೆಯ ದಿನ ಹಾಲಿನವನು ಕಿಟಕಿಯಲ್ಲಿ ನಿಂತು ನೋಡಿ, ‘ಸರಸ್, ಬೆನ್’ ಎಂದು ಮೆಚ್ಚಿ ಹೋದ.

ಪ್ರಶ್ನೆ: ಛನಿಯಾ ಚೋಲಿ ಹಾಕಲೇಬೇಕಾ? ನನ್ನ ಮೈಗೆ ಅದು ಒಪ್ಪುವುದಿಲ್ಲ, ಬೆನ್ನು ಕಾಣುವ ರವಿಕೆ ನನ್ನಿಂದ ಸಾಧ್ಯವೂ ಇಲ್ಲ. ಸೀರೆ ಆಗುತ್ತದೆಯೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಸೀರೆ ಬಹಳ ಚೆನ್ನಾಗಿ ಆಗುತ್ತದೆ. ಹಿರಿಯ ಹೆಂಗಸರು ಗುಜರಾತಿ ರೀತಿ ಸೆರಗನ್ನು ಬಲಭುಜದ ಮೇಲಿಂದ ಮುಂದಕ್ಕೆ ಇಳಿಬಿಟ್ಟು ಉಡುತ್ತಾರೆ. ಬೆನ್ನೂ ಮುಚ್ಚುತ್ತದೆ, ಬಾಂಧನಿಯ ಚುಕ್ಕಿಯೂ ಎದುರಿಗೆ ಕಾಣುತ್ತದೆ. ನಿಮ್ಮ ರೀತಿಯಲ್ಲೇ ಉಟ್ಟರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಪಿನ್ನು ಹಾಕಿ. ನೆರಿಗೆ ಎರಡು ಬೆರಳು ಮೇಲಿರಲಿ, ಹತ್ತಿ ಸೀರೆಯಾಗಲಿ. ರೇಷ್ಮೆ ಉಟ್ಟು ಹೋದ ನಾನು ಮೊದಲ ರಾತ್ರಿಯೇ ಅಂಚಿನ ಒಂದು ಗೇಣು ಹರಿದುಕೊಂಡು ಬಂದೆ. ಸಲ್ವಾರ್ ಕಮೀಜಿನವರೂ ಬೇಕಾದಷ್ಟು ಜನ ಇರುತ್ತಾರೆ. ದೊಡ್ಡ ಮೈದಾನದ ಗರ್ಬಾಗಳಲ್ಲಿ ಕೆಲವು ಕಡೆ ಸಾಂಪ್ರದಾಯಿಕ ಉಡುಪೇ ಬೇಕೆಂಬ ನಿಯಮ ಇರುತ್ತದೆ, ಪಾಸಿನ ಹಿಂದುಗಡೆ ಓದಿಕೊಳ್ಳಿ.

ಛನಿಯಾ ಚೋಲಿಯನ್ನು ಬೇಡವೆನ್ನುವ ಮೊದಲು ಒಮ್ಮೆ ಮುಟ್ಟಿ ನೋಡಿ. ಬೆನ್ನು ಮುಚ್ಚುವ ಚೋಲಿಯನ್ನೂ ಹೊಲಿದು ಕೊಡುತ್ತಾರೆ. ದೋರಿ ಕಟ್ಟುವ ಬೆನ್ನು ಬೇಡ ಎಂದು ಮೊದಲೇ ಹೇಳಬೇಕು ಅಷ್ಟೆ. ಛನಿಯಾ ಅಂದರೆ ಲಂಗ. ಅದರ ಅಂದವೆಲ್ಲ ಅಂಚಿನ ಘೇರಿನಲ್ಲಿ. ಬಟ್ಟೆ ಹೆಚ್ಚು ಹಿಡಿದಷ್ಟೂ ತಿರುಗಿದಾಗ ಛತ್ರಿಯ ಹಾಗೆ ಬಿಚ್ಚಿಕೊಳ್ಳುತ್ತದೆ. ಒಂಬತ್ತು ದಿನಕ್ಕೆ ಒಂಬತ್ತು ಬೇಕೆಂದು ಹುಡುಗಿಯರು ತಮ್ಮತಮ್ಮಲ್ಲೇ ಬದಲಾಯಿಸಿಕೊಂಡು ಉಡುತ್ತಾರೆ. ಬಾಡಿಗೆಗೂ ಸಿಗುತ್ತದೆ. ಅಹಮದಾಬಾದಿನಲ್ಲಾದರೆ ಲಾ ಗಾರ್ಡನ್ ಪಕ್ಕದ ರಾತ್ರಿ ಬಜಾರು, ಬರೋಡಾದಲ್ಲಾದರೆ ಮಾಂಡವಿ ಸುತ್ತಮುತ್ತಲ ಹಳೇ ಊರಿನ ಅಂಗಡಿಗಳು. ಚೌಕಾಸಿ ಮಾಡದಿದ್ದರೆ ಅಂಗಡಿಯವರಿಗೇ ಬೇಜಾರು.

ಕನ್ನಡಿ ಕೂರಿಸಿದ ಕಸೂತಿಗೆ ಆಭಲಾ ಭರತ್ ಎನ್ನುತ್ತಾರೆ. ಕೊಳ್ಳುವಾಗ ಒಳಮೈಯಲ್ಲಿ, ತೋಳಿನ ಅಂಚಿನಲ್ಲಿ ಬೆರಳಾಡಿಸಿ ನೋಡಿ. ಅಗ್ಗದ್ದರಲ್ಲಿ ಕನ್ನಡಿಯ ಚೂಪು ಅಂಚಿಗೆ ದಾರದ ಹೊದಿಕೆ ಸರಿಯಾಗಿ ಇರುವುದಿಲ್ಲ, ಚಪ್ಪಾಳೆಗೆ ಕೈ ಎತ್ತಿದಾಗಲೆಲ್ಲ ಮಣಿಕಟ್ಟು ಗೀರುತ್ತದೆ. ಬೆಳಿಗ್ಗೆ ಪಾತ್ರೆ ತೊಳೆಯುವ ಸೋಪು ತಾಗಿದಾಗ ಗೊತ್ತಾಗುತ್ತದೆ.

ಚಪ್ಪಲಿಯ ಮಾತು ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಬರಿಗಾಲಲ್ಲಿ ಆಡುವ ಕಡೆ ಚಪ್ಪಲಿ ಹೊರಗೆ ಬಿಡಬೇಕು. ಸಾವಿರಾರು ಜೋಡಿಯ ರಾಶಿಯಲ್ಲಿ ನನ್ನವು ಎರಡು ವರ್ಷ ಸತತವಾಗಿ ಹೋದವು. ಮೂರನೆಯ ವರ್ಷದಿಂದ ಬಟ್ಟೆ ಚೀಲದಲ್ಲಿ ಹಾಕಿ ಪಕ್ಕದವರ ಸ್ಕೂಟರ್ ಡಿಕ್ಕಿಯಲ್ಲಿ ಇಡುತ್ತಿದ್ದೆ. ಬರಿಗಾಲು ಅಭ್ಯಾಸವಿಲ್ಲದವರಿಗೆ ಮೊದಲ ರಾತ್ರಿ ಹೆಬ್ಬೆರಳ ಬುಡದಲ್ಲಿ ಬೊಕ್ಕೆ ಏಳುತ್ತದೆ, ಒಡೆಯಲು ಹೋಗಬೇಡಿ.

ಪ್ರಶ್ನೆ: ದಾಂಡಿಯಾ, ಗರ್ಬಾ ಎರಡೂ ಒಂದೇ ಅಲ್ಲವೇ? ನಮ್ಮ ಕೋಲಾಟಕ್ಕೂ ಅದಕ್ಕೂ ಏನು ದೊಡ್ಡ ವ್ಯತ್ಯಾಸ?
– ನಿವೃತ್ತ ಮೇಷ್ಟ್ರು, ತುಮಕೂರು

ಉತ್ತರ: ಒಂದೇ ಅಲ್ಲ ಮೇಷ್ಟ್ರೇ. ಗರ್ಬಾ ಚಪ್ಪಾಳೆಯದ್ದು, ನಡುವೆ ದೇವಿ ಇರುತ್ತಾಳೆ. ದಾಂಡಿಯಾ ಕೋಲಿನದು, ಅದರ ಪೂರ್ತಿ ಹೆಸರು ದಾಂಡಿಯಾ ರಾಸ್, ಅಲ್ಲಿ ಕೃಷ್ಣನ ನೆನಪೇ ಹೆಚ್ಚು. ಪೋರಬಂದರ್ ಕಡೆಯ ಮೇರ್ ಜನರ ಗಂಡಸರು ಆಡುವ ರಾಸ್ ನೋಡಿದರೆ ನಿಮಗೆ ಕೋಲಾಟಕ್ಕಿಂತ ವೀರಗಾಸೆಯ ಗತ್ತು ನೆನಪಾದೀತು. ಕೋಲಾಟದವರಿಗೆ ದಾಂಡಿಯಾ ಬೇಗ ಬರುತ್ತದೆ. ನಾನು ಎಂಟನೆಯ ಕ್ಲಾಸಿನಲ್ಲಿ ಕೋಲಾಟ ಆಡಿದವಳಾದ್ದರಿಂದ ಅಲ್ಲಿ ಮಾತ್ರ ತಲೆ ಎತ್ತಿ ನಡೆದೆ. ಎದುರುಬದುರು ಎರಡು ಸಾಲು. ಬಲಗೋಲು, ಎಡಗೋಲು, ಮತ್ತೆ ಬಲ, ನಿಮ್ಮವೇ ಎರಡು, ಕೊನೆಗೊಂದು ಬಲ, ಆಮೇಲೆ ಮುಂದಿನ ಜೊತೆಗಾರರ ಎದುರಿಗೆ. ಸಲೀಸಾದ ಲೆಕ್ಕ ಇದು. ಒಂದೇ ಎಚ್ಚರಿಕೆ: ಎದುರಿನವರು ಹದಿನಾರರ ಹುಡುಗರಾದರೆ ಕೋಲನ್ನು ನಡುಮಧ್ಯೆ ಹಿಡಿಯಬೇಡಿ, ಅವರು ಹೊಡೆಯುವ ರಭಸಕ್ಕೆ ಬೆರಳ ಗೆಣ್ಣು ಉಳಿಯುವುದಿಲ್ಲ.

ಭಾಷೆಯ ಮೇಷ್ಟ್ರಾಗಿದ್ದರೆ ನಿಮಗೆ ಇದು ಹಿಡಿಸಬಹುದು. ಗುಜರಾತಿಗಳು ಗರ್ಬಾ ‘ಕುಣಿಯುವುದಿಲ್ಲ’. ‘ಗರ್ಬೇ ರಮ್ವಾ ಚಾಲೋ’ ಎನ್ನುತ್ತಾರೆ, ಗರ್ಬಾ ಆಡೋಣ ಬನ್ನಿ ಎಂದು. ಆಡುವವರು ‘ಖೇಲೈಯಾ’. ನಾವೂ ಕೋಲಾಟ ಆಡುತ್ತೇವೆ, ಕುಣಿಯುತ್ತೇವೆ ಎನ್ನುವುದು ಕಮ್ಮಿ. ಹಾಡುಗಳ ಕಡೆ ಆಸಕ್ತಿಯಿದ್ದರೆ ಬರೋಡಾ ಹತ್ತಿರದ ಡಭೋಯಿಯಲ್ಲಿ ಬಾಳಿದ ಕವಿ ದಯಾರಾಮನ (1777–1853) ಬಗ್ಗೆ ಕೇಳಿ ತಿಳಿದುಕೊಳ್ಳಿ. ಅವನ ಕೃಷ್ಣಭಕ್ತಿಯ ‘ಗರ್ಬಿ’ಗಳನ್ನು ಹೆಂಗಸರು ಇಂದಿಗೂ ಹಾಡುತ್ತಾರೆ. 2023ರ ಡಿಸೆಂಬರಿನಲ್ಲಿ ಯುನೆಸ್ಕೊ ಗುಜರಾತಿನ ಗರ್ಬಾವನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದಾಗ ನನ್ನ ಹಳೆಯ ನೆರೆಯವರು ಫೋನು ಮಾಡಿ, ‘ನೀನು ಅಡುಗೆಮನೆಯಲ್ಲಿ ಹಿಟ್ಟಿನ ಡಬ್ಬ ಸುತ್ತಿದ್ದೂ ಅದರಲ್ಲಿ ಸೇರಿತು’ ಎಂದು ನಕ್ಕರು.

ಪ್ರಶ್ನೆ: ಅಹಮದಾಬಾದಿಗೆ ಕೆಲಸಕ್ಕೆ ಬಂದು ಆರು ತಿಂಗಳು. ಒಂಟಿ. ಆಫೀಸಿನವರೆಲ್ಲ ಅವರವರ ಗುಂಪಿನ ಜೊತೆ ಹೋಗುತ್ತಾರೆ. ಒಬ್ಬನೇ ಗರ್ಬಾಗೆ ಹೋದರೆ ಹುಡುಗಿಯರನ್ನು ನೋಡಲು ಬಂದವನೆಂದು ತಿಳಿದಾರು ಎಂಬ ಅಂಜಿಕೆ.
– ಓದುಗರೊಬ್ಬರು, ಅಹಮದಾಬಾದಿನಿಂದ

ಉತ್ತರ: ತಮ್ಮಾ, ನಿನ್ನ ಅಂಜಿಕೆಯಲ್ಲಿ ಹುರುಳಿದೆ. ಅಂಚಿನಲ್ಲಿ ನಿಂತು ಮೊಬೈಲು ಎತ್ತಿ ಹಿಡಿದ ಒಂಟಿ ಗಂಡಸನ್ನು ಅಲ್ಲಿ ಯಾರೂ ಇಷ್ಟಪಡುವುದಿಲ್ಲ, ಪಡಬೇಕಾಗಿಯೂ ಇಲ್ಲ. ಕೆಲವು ಕಡೆ ಒಂಟಿ ಹುಡುಗರಿಗೆ ಪಾಸೇ ಕೊಡುವುದಿಲ್ಲ. ಆದ್ದರಿಂದ ದೊಡ್ಡ ಮೈದಾನವನ್ನು ಈ ವರ್ಷ ಬಿಡು. ನೀನು ಬಾಡಿಗೆಗಿರುವ ಸೊಸೈಟಿಯಲ್ಲೇ ಗರ್ಬಾ ಇದ್ದೇ ಇರುತ್ತದೆ. ಹಳೇ ಊರಿನ ಪೋಳ್‌ಗಳಲ್ಲಿ, ಅಂದರೆ ಒತ್ತೊತ್ತಾದ ಮನೆಗಳ ಓಣಿಗಳಲ್ಲಿ ನಡೆಯುವುದಕ್ಕೆ ಶೇರಿ ಗರ್ಬಾ ಎನ್ನುತ್ತಾರೆ. ಪಾಸಿಲ್ಲ, ಟಿಕೇಟಿಲ್ಲ. ಸಂಜೆಯೇ ಹೋಗಿ ಕುರ್ಚಿ ಜೋಡಿಸಲು, ದೀಪದ ಸರ ಕಟ್ಟಲು ಕೈಹಾಕು. ‘ಜೈ ಮಾತಾಜಿ’ ಎಂದು ಹಿರಿಯರಿಗೆ ಕೈಮುಗಿ. ಆರತಿಯ ಹೊತ್ತಿಗೆ ಎಲ್ಲರೂ ನಿಂತು ಚಪ್ಪಾಳೆ ತಟ್ಟುತ್ತಾರೆ, ನೀನೂ ತಟ್ಟು. ಪ್ರಸಾದ ಹಂಚುವ ತಟ್ಟೆ ಹಿಡಿದವನಿಗೆ ಪರಿಚಯ ಬೇರೆ ಬೇಕಿಲ್ಲ. ಎರಡನೆಯ ದಿನ ಯಾವುದೋ ಕಾಕಾ ನಿನ್ನ ತೋಳು ಹಿಡಿದು ಸುತ್ತಿಗೆ ಸೇರಿಸದಿದ್ದರೆ ನನಗೆ ಬರೆ.

ಉಡುಪು ಎಂದರೆ ಕೇಡಿಯೂ, ಅಂದರೆ ಎದೆಯಿಂದ ಕೆಳಗೆ ನೆರಿಗೆ ಇಟ್ಟ ಗಿಡ್ಡ ಅಂಗಿ. ಇಲ್ಲವಾದರೆ ಕುರ್ತಾ ಸಾಕು. ಫೋಟೋ ತೆಗೆಯುವುದಾದರೆ ದೀಪದ್ದು, ಕೇಳಿ ತೆಗೆಯುವುದಾದರೆ ‘ಬಾ’ಗಳದ್ದು. ಅಲ್ಲಿನದು 1960ರಲ್ಲಿ ರಾಜ್ಯವಾದಾಗಿನಿಂದಲೂ ಪಾನನಿಷೇಧವಿರುವ ನಾಡು ಎಂಬುದೂ ನೆನಪಿರಲಿ; ಬೆಂಗಳೂರಿನ ಪಾರ್ಟಿಯ ಹಾಗೆ ‘ತಯಾರಾಗಿ’ ಹೋಗುವ ಯೋಚನೆ ಬೇಡವೇ ಬೇಡ.

ಪ್ರಶ್ನೆ: ಎಷ್ಟು ಹೊತ್ತಿಗೆ ಮುಗಿಯುತ್ತದೆ? ಊಟ ಮುಗಿಸಿ ಹೋಗಬೇಕಾ, ಬಂದು ಮಾಡಬೇಕಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಾನು ಹೋದ ಹೊಸದರಲ್ಲಿ ಬೆಳಗಿನ ಜಾವದ ತನಕ ನಡೆಯುತ್ತಿತ್ತು, ಹಾಲಿನವನೂ ನಾವೂ ಒಟ್ಟಿಗೆ ಮನೆ ಸೇರುತ್ತಿದ್ದೆವು. 2000ದ ಶಬ್ದಮಾಲಿನ್ಯ ನಿಯಮ ಬಂದ ಮೇಲೆ ರಾತ್ರಿ ಹತ್ತರ ಬಳಿಕ ಧ್ವನಿವರ್ಧಕ ಹಾಕುವಂತಿಲ್ಲ. ವರ್ಷಕ್ಕೆ ಹೆಚ್ಚೆಂದರೆ 15 ಹಬ್ಬದ ದಿನ ಹನ್ನೆರಡರ ತನಕ ರಾಜ್ಯ ಸರ್ಕಾರ ವಿನಾಯಿತಿ ಕೊಡಬಹುದು. ನವರಾತ್ರಿ ಆ ಲೆಕ್ಕದಲ್ಲಿ ಬರುತ್ತದೆ. ಆ ವರ್ಷದ ಆದೇಶ ಏನಿದೆಯೆಂದು ಅಲ್ಲಿನವರನ್ನು ಕೇಳಿಕೊಳ್ಳಿ. ಒಂಬತ್ತೂವರೆಗೆ ಹೋದರೆ ನಿಧಾನದ ಹಾಡು ಸಿಗುತ್ತದೆ.

ಹಗುರಾಗಿ ತಿಂದು ಹೋಗಿ. ನಿಮ್ಮ ಆತಿಥೇಯರಲ್ಲಿ ಯಾರಾದರೂ ಒಂಬತ್ತು ದಿನ ಉಪವಾಸವಿದ್ದರೆ ಅಡುಗೆಮನೆಯಲ್ಲಿ ಸಾಬೂದಾಣೆ ಖಿಚಡಿ ಇದ್ದೇ ಇರುತ್ತದೆ, ಎರಡು ಚಮಚ ಕೇಳಿ ಪಡೆಯಿರಿ. ನಿಜವಾದ ಹಸಿವು ಆಡಿದ ಮೇಲೆ. ಅರ್ಧ ರಾತ್ರಿಯಲ್ಲಿ ಲಾರಿಯ ಮುಂದೆ ನಿಂತು (ತಳ್ಳುಗಾಡಿಗೆ ಅಲ್ಲಿ ಲಾರಿ ಎನ್ನುತ್ತಾರೆ, ಗಾಬರಿಯಾಗಬೇಡಿ) ಬರೋಡಾದ ಖಾರದ ಸೇವ್ ಉಸಳ್ ತಿಂದವರಿಗೆ ಗೊತ್ತು ಅದರ ಸುಖ. ಬೆವರಿದ ಮೈಗೆ ಗಾಳಿ ಬೀಸುತ್ತಿರುತ್ತದೆ, ಮೂಗು ಸೋರುತ್ತಿರುತ್ತದೆ, ಕಾಲು ತನ್ನಷ್ಟಕ್ಕೆ ತಾಳ ಹಾಕುತ್ತಿರುತ್ತದೆ.

ಪ್ರಶ್ನೆ: ರಜೆ ಸಿಗುವುದು ದಸರಾ ಕಳೆದ ಮೇಲೆ. ಆಗ ಹೋದರೆ ಗರ್ಬಾ ಸಿಗುವುದೇ ಇಲ್ಲವೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಸಿಗುತ್ತದೆ. ವಿಜಯದಶಮಿಯ ಬೆಳಿಗ್ಗೆ ಫಾಫಡಾ ಜಿಲೇಬಿಗೆ ಊರೆಲ್ಲ ಸಾಲು ನಿಂತು ತಿಂದು ಮಲಗಿದ ಮೇಲೂ ಐದು ದಿನಕ್ಕೆ ಶರದ್ ಪೂನಮ್ ಬರುತ್ತದೆ. ಆ ಹುಣ್ಣಿಮೆಯ ರಾತ್ರಿ ಇನ್ನೊಮ್ಮೆ ಆಡುತ್ತಾರೆ. ನನ್ನನ್ನು ಕೇಳಿದರೆ ಮೊದಲ ಸಲದವರಿಗೆ ಒಂಬತ್ತರಲ್ಲಿ ಯಾವುದಕ್ಕಿಂತಲೂ ಅದೇ ವಾಸಿ. ನೂಕುನುಗ್ಗಲಿಲ್ಲ, ಎಲ್ಲರ ಕಾಲೂ ಸೋತಿರುವುದರಿಂದ ನಿಧಾನವೇ ಜಾಸ್ತಿ. ಅವಲಕ್ಕಿ ಹಾಕಿದ ಸಿಹಿ ಹಾಲನ್ನು ಬೆಳದಿಂಗಳಲ್ಲಿ ಇಟ್ಟು, ಆಟ ಮುಗಿದ ಮೇಲೆ ಹಂಚುತ್ತಾರೆ, ದೂಧ್ ಪೌಂವಾ. ಲೋಟ ಮನೆಯಿಂದಲೇ ತೆಗೆದುಕೊಂಡು ಹೋಗಿ. ನಮ್ಮ ಸೊಸೈಟಿಯಲ್ಲಿ ಕೊನೆಗೆ ಬಂದವರಿಗೆ ಹಾಲು ಮಿಕ್ಕಿರುತ್ತಿತ್ತು, ಲೋಟ ಮಿಕ್ಕಿರುತ್ತಿರಲಿಲ್ಲ.